ವೀಸಾ ಕಿಟಕಿಗೆ ಬಂದ ಕೊಡಗಿನ ಕಡತಗಳು

ಏಪ್ರಿಲ್, ಮೇ ತಿಂಗಳಲ್ಲಿ ಕೊಡಗಿನಿಂದ ಬರುತ್ತಿದ್ದ ವೀಸಾ ಅರ್ಜಿಗಳನ್ನು ವಿಳಾಸ ನೋಡದೆ, ಬ್ಯಾಂಕಿನ ಹಾಳೆ ನೋಡಿಯೇ ಗುರುತಿಸಬಹುದಾಗಿತ್ತು. ನವೆಂಬರಿನಲ್ಲಿ ಖಾತೆ ಬಹುತೇಕ ಬರಿದಾಗಿರುತ್ತದೆ. ಡಿಸೆಂಬರಿನಲ್ಲಿ ಕೊಯ್ಲಿನ ಕೂಲಿಗೆಂದು ತೆಗೆದ ಬೆಳೆಸಾಲ ಜಮೆಯಾಗಿ ಕೆಲವೇ ದಿನಗಳಲ್ಲಿ ಕರಗಿಹೋಗಿರುತ್ತದೆ. ಫೆಬ್ರುವರಿಯ ಕೊನೆಗೋ ಮಾರ್ಚಿನಲ್ಲೋ ಒಂದೇ ದಿನ ಹಲವು ಲಕ್ಷ ರೂಪಾಯಿ ಬಂದು ಸೇರಿರುತ್ತದೆ. ಅದಾದ ಕೆಲವು ವಾರಗಳಲ್ಲಿ, ಪರದೇಶದಲ್ಲಿರುವ ಮಗನನ್ನೋ ಮಗಳನ್ನೋ ನೋಡಿ ಬರಲೆಂದು ಗಂಡ ಹೆಂಡತಿ ಅರ್ಜಿ ಹಾಕಿರುತ್ತಾರೆ. ವೀಸಾ ವಿಭಾಗದಲ್ಲಿ ಪಳಗಿದ ಯಾವ ಅಧಿಕಾರಿಗಾದರೂ ಇಂಥ ಖಾತೆ ಕಂಡಾಗ ಹುಟ್ಟುವ ಮೊದಲ ಅನುಮಾನವೆಂದರೆ, ಈ ಹಣ ಅರ್ಜಿದಾರರದ್ದಲ್ಲ, ತೋರಿಸುವುದಕ್ಕೆಂದೇ ಯಾರಿಂದಲೋ ಕೈಗಡ ತಂದು ಹಾಕಿದ್ದು ಎಂಬುದು. ಆ ಅನುಮಾನ ಅಕಾರಣವಲ್ಲ. ಹಾಗೆ ಮಾಡುವವರಿದ್ದಾರೆ, ಅದಕ್ಕೆಂದು ಬಡ್ಡಿಗೆ ಹಣ ಒದಗಿಸುವ ದಲ್ಲಾಳಿಗಳೂ ಇದ್ದಾರೆ. ಆದರೆ ಕಾಫಿ ಬೆಳೆದು ಪ್ರಾಮಾಣಿಕವಾಗಿ ಬದುಕುವ ಕುಟುಂಬದ ಖಾತೆಯೂ ಹೀಗೆಯೇ ಕಾಣುತ್ತದೆ, ಮತ್ತು ಇವೆರಡರ ನಡುವಿನ ವ್ಯತ್ಯಾಸ ಆ ಹಾಳೆಯಲ್ಲಿ ಎಲ್ಲಿಯೂ ಬರೆದಿರುವುದಿಲ್ಲ.

ದೆಹಲಿಯ ಚಾಣಕ್ಯಪುರಿಯಲ್ಲಿ, ಯುರೋಪಿನ ಒಂದು ದೇಶದ ರಾಯಭಾರ ಕಚೇರಿಯ ವೀಸಾ ವಿಭಾಗದಲ್ಲಿ ನಾನು ಹಲವು ವರ್ಷ ಸ್ಥಳೀಯ ಅಧಿಕಾರಿಯಾಗಿ ದುಡಿದು, ಈಗ ಭಾಗಮಂಡಲದ ಬಳಿಯ ನಮ್ಮ ಮನೆಗೆ ಮರಳಿದ್ದೇನೆ. ದೇಶದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕೆಲಸ ಬಿಟ್ಟ ಮೇಲೂ ಉಳಿಯುವ ಗೋಪ್ಯತೆಯ ಕಟ್ಟುಪಾಡೊಂದಿದೆ, ಅದು ಸರಿಯಾದ ಕಟ್ಟುಪಾಡು ಎಂದೇ ನಾನು ನಂಬಿದ್ದೇನೆ. ಇಲ್ಲಿ ಬರುವ ಜನರ ವಿವರಗಳನ್ನೂ ಗುರುತು ಹತ್ತದಂತೆ ಬದಲಿಸಿದ್ದೇನೆ. ನನ್ನ ಹುದ್ದೆಗೆ ಬೇಕಾಗಿದ್ದ ಭಾಷೆಗಳು ಇಂಗ್ಲಿಷ್ ಮತ್ತು ಕನ್ನಡ. ಕರ್ನಾಟಕದಿಂದ ಬಂದ ಕಡತಗಳನ್ನು ಓದುವುದು, ಕನ್ನಡದಲ್ಲಿರುವ ದಾಖಲೆಗಳನ್ನು ಪರಿಶೀಲಿಸುವುದು, ಅಗತ್ಯವಿದ್ದಾಗ ಅರ್ಜಿದಾರರನ್ನು ಫೋನಿನಲ್ಲಿ ಅಥವಾ ಎದುರು ಕೂರಿಸಿಕೊಂಡು ಸಂದರ್ಶಿಸುವುದು, ಕೊನೆಗೆ ಒಂದು ಟಿಪ್ಪಣಿ ಬರೆದು ಮೇಲಿನವರಿಗೆ ಒಪ್ಪಿಸುವುದು ನನ್ನ ಕೆಲಸವಾಗಿತ್ತು. ಅಂತಿಮ ಸಹಿ ಆ ದೇಶದಿಂದ ನಿಯೋಜಿತರಾಗಿ ಬಂದ ಕಾನ್ಸುಲರ್ ಅಧಿಕಾರಿಯದ್ದು. ಬೇಸಿಗೆಯ ದಟ್ಟಣೆಯಲ್ಲಿ ಒಂದು ಕಡತಕ್ಕೆ ಅವರಿಗೆ ಸಿಗುತ್ತಿದ್ದದ್ದು ಕೆಲವೇ ನಿಮಿಷ. ಆದ್ದರಿಂದ ನನ್ನ ಟಿಪ್ಪಣಿಯಲ್ಲಿ ಇರುವ ನಾಲ್ಕು ಸಾಲು, ಇರದೇ ಹೋದ ಒಂದು ಸಾಲು, ಎರಡೂ ಒಂದು ಕುಟುಂಬದ ಪ್ರಯಾಣವನ್ನು ತೀರ್ಮಾನಿಸಬಲ್ಲವು ಎಂಬ ಎಚ್ಚರ ನನ್ನನ್ನು ಎಂದೂ ಬಿಡಲಿಲ್ಲ.

ಈ ಕಚೇರಿಗಳ ಬಗ್ಗೆ ಊರಿನಲ್ಲಿ ಇರುವ ಒಂದೆರಡು ತಪ್ಪು ತಿಳಿವಳಿಕೆಗಳನ್ನು ಮೊದಲೇ ಹೇಳಿಬಿಡುತ್ತೇನೆ. ರಾಯಭಾರ ಕಚೇರಿಯ ಆವರಣ ಪರದೇಶದ ನೆಲವಲ್ಲ. ಅದು ಭಾರತದ ನೆಲವೇ. 1961ರ ವಿಯೆನ್ನಾ ಒಪ್ಪಂದದ ಪ್ರಕಾರ ಅದರೊಳಗೆ ಅನುಮತಿಯಿಲ್ಲದೆ ನಮ್ಮ ಪೊಲೀಸರು ಕಾಲಿಡುವಂತಿಲ್ಲ, ಅಷ್ಟೆ. ವೀಸಾ ಕೊಡುವ ಅಧಿಕಾರವನ್ನು ಕಾನ್ಸುಲರ್ ಕೆಲಸಗಳ ಸಾಲಿಗೆ ಸೇರಿಸಿದ್ದು 1963ರ ಇನ್ನೊಂದು ವಿಯೆನ್ನಾ ಒಪ್ಪಂದ. ಹಾಗೆಯೇ ಬೆಂಗಳೂರಿನ ಅರ್ಜಿ ಸ್ವೀಕಾರ ಕೇಂದ್ರದ ಹುಡುಗ ಹುಡುಗಿಯರ ಮೇಲೆ ಸಿಟ್ಟಾಗುವವರು ಬಹಳ. ಅವರು ಕಾಗದ ಜೋಡಿಸುವವರು, ಬೆರಳಚ್ಚು ತೆಗೆಯುವವರು. ಅರ್ಜಿಯನ್ನು ತೂಗಿ ನೋಡುವುದು, ನಿರ್ಧರಿಸುವುದು ಅವರ ಕೈಯಲ್ಲಿಲ್ಲ. ಷೆಂಗೆನ್ ದೇಶಗಳಿಗೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳಿಗೆ, ಅನ್ವಯಿಸುವ 2009ರ ವೀಸಾ ಸಂಹಿತೆ ಅದನ್ನು ಸ್ಪಷ್ಟವಾಗಿ ಕಾನ್ಸುಲೇಟಿಗೇ ಮೀಸಲಿಟ್ಟಿದೆ. ಅದೇ ಸಂಹಿತೆಯ 39ನೆಯ ವಿಧಿ, ಅರ್ಜಿದಾರರನ್ನು ಸೌಜನ್ಯದಿಂದ ಬರಮಾಡಿಕೊಳ್ಳಬೇಕು, ಅವರ ಮಾನವ ಘನತೆಯನ್ನು ಪೂರ್ಣವಾಗಿ ಗೌರವಿಸಬೇಕು ಎನ್ನುತ್ತದೆ. ನಾನು ಆ ವಿಧಿಯನ್ನು ಮುದ್ರಿಸಿ ಮೇಜಿನ ಗಾಜಿನಡಿ ಇಟ್ಟುಕೊಂಡಿದ್ದೆ. ಘನತೆ ಎಂದರೆ ಮುಗುಳ್ನಗೆಯಿಂದ ಮಾತಾಡಿಸುವುದಷ್ಟೇ ಅಲ್ಲ, ಎದುರಿನವರು ಕೊಟ್ಟ ಕಾಗದವನ್ನು ಅದು ಹುಟ್ಟಿದ ಜಾಗದ ರೀತಿನೀತಿ ತಿಳಿದು ಓದುವುದೂ ಘನತೆಯೇ ಎಂದು ನನಗೆ ಅನಿಸುತ್ತಿತ್ತು.

ಕಾಫಿಯ ಲೆಕ್ಕಕ್ಕೆ ಬರುತ್ತೇನೆ. ದೇಶದ ಒಟ್ಟು ಕಾಫಿಯಲ್ಲಿ ಸುಮಾರು ಮೂರನೆಯ ಒಂದು ಭಾಗ ಬೆಳೆಯುವ ಜಿಲ್ಲೆ ನಮ್ಮದು. ಅರೇಬಿಕಾ ನವೆಂಬರಿನಿಂದ ಹಣ್ಣಾಗುತ್ತದೆ, ರೋಬಸ್ಟಾ ಕೊಯ್ಲು ಹೊಸ ವರ್ಷದ ನಂತರ ಮಾರ್ಚಿನವರೆಗೂ ಎಳೆಯುತ್ತದೆ. ಕೊಯ್ದದ್ದನ್ನು ಕಣದಲ್ಲಿ ಒಣಗಿಸಿ, ಚೀಲಕ್ಕೆ ತುಂಬಿ, ದರ ನೋಡಿಕೊಂಡು ಮಾರಿದ ಮೇಲೆಯೇ ಕೈಗೆ ಹಣ. ವರ್ಷಕ್ಕೆ ಒಂದು ಸಲ, ಮಧ್ಯೆ ಕಾಳುಮೆಣಸಿದ್ದರೆ ಇನ್ನೊಂದಿಷ್ಟು. ಆ ಹಣದಲ್ಲಿಯೇ ಬೆಳೆಸಾಲ ತೀರಬೇಕು, ಗೊಬ್ಬರ, ಮರಗಸಿ (ನೆರಳಿನ ಮರಗಳ ಕೊಂಬೆ ಸವರುವುದು), ಮಕ್ಕಳ ಫೀಸು, ಮಳೆಗಾಲದ ಅಕ್ಕಿ ಎಲ್ಲವೂ ಆಗಬೇಕು. ಇದರ ಮೇಲೆ ಆದಾಯ ತೆರಿಗೆಯ ವಿಚಾರ. ಸಂಬಳದವರ ಕಡತದಲ್ಲಿ ಅಧಿಕಾರಿ ಮೊದಲು ಹುಡುಕುವುದು ತೆರಿಗೆ ವಿವರಣೆಯನ್ನು. ಬೆಳೆದ ಕಾಫಿಯನ್ನು ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕೆಲಸ) ಮಾಡದೆ ಹಾಗೆಯೇ ಮಾರಿದರೆ ಅದು ಕೃಷಿ ಆದಾಯ, ಕೇಂದ್ರದ ತೆರಿಗೆಯಿಲ್ಲ. ತಾವೇ ಕ್ಯೂರಿಂಗ್ ಮಾಡಿ ಮಾರಿದರೆ 1962ರ ಆದಾಯ ತೆರಿಗೆ ನಿಯಮಗಳ 7ಬಿ ನಿಯಮದಂತೆ ಆದಾಯದ ಶೇಕಡಾ 25 ಭಾಗವನ್ನು ಮಾತ್ರ ತೆರಿಗೆಗೆ ಒಳಪಡುವ ಆದಾಯವೆಂದು ಹಿಡಿಯಲಾಗುತ್ತಿತ್ತು. ಹೀಗಾಗಿ ಹತ್ತು ಎಕರೆ ತೋಟದ ಯಜಮಾನರ ತೆರಿಗೆ ಕಾಗದದಲ್ಲಿ ಕಾಣುವ ಮೊತ್ತ ಬೆಂಗಳೂರಿನ ಹೊಸ ಉದ್ಯೋಗಿಯೊಬ್ಬನ ಮೊತ್ತಕ್ಕಿಂತ ಚಿಕ್ಕದಿರಬಹುದು, ಅಥವಾ ಆ ಕಾಗದವೇ ಇಲ್ಲದಿರಬಹುದು. ಕಾನೂನನ್ನು ಸರಿಯಾಗಿ ಪಾಲಿಸಿದ ಮನುಷ್ಯನೊಬ್ಬ, ಆ ಕಾನೂನನ್ನು ತಿಳಿಯದ ಓದುಗನ ಕಣ್ಣಿಗೆ ಆದಾಯ ಮುಚ್ಚಿಟ್ಟವನಂತೆ ಕಾಣುತ್ತಾನೆ.

ಸೋಮವಾರಪೇಟೆ ಕಡೆಯ ಒಬ್ಬರಿಗೆ ಫೋನ್ ಮಾಡಿ, ಮಾರ್ಚಿನಲ್ಲಿ ಬಂದ ಮೊತ್ತ ಎಲ್ಲಿಯದೆಂದು ಕೇಳಿದೆ. "ಚೆರಿ ಕೊಟ್ಟದ್ದು ಮೇಡಂ, ಕುಶಾಲನಗರದ ವ್ಯಾಪಾರಿಗೆ. ಬಿಲ್ ಉಂಟಲ್ಲ, ನಿಮ್ಮ ಪಟ್ಟಿಯಲ್ಲಿ ಕೇಳಿರಲಿಲ್ಲ ಅಂತ ಹಾಕಲಿಲ್ಲ" ಎಂದರು. ಚೆರಿ ಎಂದರೆ ಸಿಪ್ಪೆಯೊಡನೆ ಒಣಗಿಸಿದ ಕಾಫಿ ಹಣ್ಣು. ಪಟ್ಟಿಯಲ್ಲಿ ನಿಜವಾಗಿಯೂ ಕೇಳಿರಲಿಲ್ಲ. ಸಂಬಳದ ಚೀಟಿ, ಉದ್ಯೋಗದಾತರ ಪತ್ರ, ತೆರಿಗೆ ವಿವರಣೆ, ಕಳೆದ ಕೆಲವು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಇವಿಷ್ಟೇ ಅಲ್ಲಿದ್ದವು. ನಾನು ಹಿಂದಿನ ಮೂರು ವರ್ಷಗಳ ಖಾತೆ ವಿವರವನ್ನೂ ಮಾರಾಟದ ಬಿಲ್ಲುಗಳನ್ನೂ ತರಿಸಿದೆ. ಪ್ರತಿ ವರ್ಷ ಅದೇ ತಿಂಗಳಿಗೆ ಅದೇ ಏರಿಕೆ ಇತ್ತು. ಟಿಪ್ಪಣಿಯಲ್ಲಿ ಇವರು ಒಳ್ಳೆಯವರು ಎಂದು ನಾನು ಬರೆಯಲಿಲ್ಲ, ಬರೆಯುವಂತಿರಲಿಲ್ಲ. ಈ ಜಿಲ್ಲೆಯ ಬೆಳೆಯ ಕಾಲ ಇದು, ಮೂರು ವರ್ಷಗಳ ಜಮೆ ಈ ಕಾಲಕ್ಕೆ ಹೊಂದುತ್ತದೆ, ಬಿಲ್ಲಿನ ಮೊತ್ತ ಖಾತೆಯ ಮೊತ್ತಕ್ಕೆ ತಾಳೆಯಾಗುತ್ತದೆ ಎಂದಷ್ಟೇ ಬರೆದೆ. ಎರಡು ಭಾಷೆ ಬಲ್ಲ ಅಧಿಕಾರಿಗೆ ಬರುವ ದೊಡ್ಡ ಪ್ರಲೋಭನೆ ವಕೀಲಿಕೆ ಮಾಡುವುದು. ನಮ್ಮೂರಿನವರು ಎಂಬ ಮಮತೆಯಿಂದ ಒಂದು ವಿಶೇಷಣ ಹೆಚ್ಚು ಬಿದ್ದರೂ ಮೇಲಿನವರು ಅದನ್ನು ಕೂಡಲೇ ಗುರುತಿಸುತ್ತಾರೆ. ಆಮೇಲೆ ನಿಮ್ಮ ಯಾವ ಟಿಪ್ಪಣಿಗೂ ತೂಕ ಇರುವುದಿಲ್ಲ, ಮತ್ತು ಆ ನಷ್ಟವನ್ನು ಮುಂದೆ ಬರುವ ಅರ್ಜಿದಾರರು ತೆರುತ್ತಾರೆ.

ಭೂಮಿಯ ಕಾಗದ ಇನ್ನೂ ಕಠಿಣ. ಕೊಡಗಿನ ಜಮ್ಮಾ ಹಿಡುವಳಿಯನ್ನು ಹೊರಗಿನವರಿಗೆ ವಿವರಿಸುವುದು ಕರ್ನಾಟಕದೊಳಗೇ ಸುಲಭವಲ್ಲ. ಅರಸರ ಕಾಲದಿಂದ ಬಂದ ಆನುವಂಶಿಕ ಹಕ್ಕು, ಗದ್ದೆಗೆ ಹೊಂದಿಕೊಂಡ ಬಾಣೆ ಎಂಬ ಮರಗಾಡಿನ ಜಮೀನು, ಇಡೀ ಒಕ್ಕದ, ಅಂದರೆ ಒಂದೇ ಮೂಲದ ಮನೆತನದ, ಪರವಾಗಿ ಅದರ ಹಿರಿಯರಾದ ಪಟ್ಟೇದಾರರ ಹೆಸರಿನಲ್ಲಿ ದಾಖಲೆ. ಎಷ್ಟೋ ಪಹಣಿಗಳಲ್ಲಿ ಆ ಪಟ್ಟೇದಾರರು ತೀರಿಹೋಗಿ ಎರಡು ತಲೆಮಾರು ಕಳೆದಿರುತ್ತದೆ. ಅರ್ಜಿದಾರ ನಲವತ್ತು ವರ್ಷ ದುಡಿದ ತೋಟದ ದಾಖಲೆಯಲ್ಲಿ ಅವನ ಹೆಸರೇ ಇರುವುದಿಲ್ಲ. ಆಸ್ತಿ ಪತ್ರದಲ್ಲಿ ಅರ್ಜಿದಾರನ ಹೆಸರಿಲ್ಲದಿದ್ದರೆ ಅದನ್ನು ಪುರಾವೆಯಾಗಿ ಪರಿಗಣಿಸದಿರುವುದು ವಾಡಿಕೆ. ನನ್ನ ವಾದ ಬೇರೆಯಾಗಿತ್ತು, ಅದನ್ನು ಕಚೇರಿಯ ಒಳಸಭೆಗಳಲ್ಲಿ ಹಲವು ಬಾರಿ ಮಂಡಿಸಿದ್ದೇನೆ. ಅಧಿಕಾರಿ ತಿಳಿಯಬೇಕಾದದ್ದು, ಈ ಮನುಷ್ಯ ವೀಸಾ ಅವಧಿ ಮುಗಿಯುವ ಮೊದಲು ಹಿಂದಿರುಗುತ್ತಾನೆಯೇ ಎಂಬುದು. ಬೆಂಗಳೂರಿನ ಫ್ಲ್ಯಾಟನ್ನು ಯಜಮಾನನೊಬ್ಬನೇ ಕುಳಿತಲ್ಲಿಂದ ಮಾರಿಬಿಡಬಹುದು. ಒಕ್ಕದವರೆಲ್ಲರ ಪಾಲಿರುವ, ಒಬ್ಬನೇ ಮಾರಲಾಗದ, ಬಿಟ್ಟು ಹೋದರೆ ತನ್ನ ಅನುಭೋಗವೇ ಸಡಿಲವಾಗುವ ಭೂಮಿ ಮನುಷ್ಯನನ್ನು ಊರಿಗೆ ಹೆಚ್ಚು ಬಿಗಿಯಾಗಿ ಕಟ್ಟುತ್ತದೆ. ಕೊನೆಕೊನೆಗೆ ವಂಶವೃಕ್ಷ ಮತ್ತು ಪಟ್ಟೇದಾರರ ಪತ್ರ ಜೊತೆಗಿದ್ದರೆ ಜಮ್ಮಾ ಪಹಣಿಯನ್ನು ಪರಿಗಣಿಸುವುದು ನಮ್ಮ ವಿಭಾಗದಲ್ಲಿ ರೂಢಿಯಾಯಿತು. ಇದು ನನಗೆ ಬಹಳ ಸಂತೋಷ ಕೊಟ್ಟ ಬದಲಾವಣೆ.

ಹೆಸರಿನ ಗೊಂದಲವೂ ಹೀಗೆಯೇ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಪೂರ್ಣ ಹೆಸರು ಕೊಡಂದೇರ ಮಾದಪ್ಪ ಕಾರ್ಯಪ್ಪ: ಮೊದಲು ಮನೆತನ, ನಡುವೆ ತಂದೆ, ಕೊನೆಯಲ್ಲಿ ತಾನು. ಪಾಸ್‌ಪೋರ್ಟಿನಲ್ಲಿ ಕುಲನಾಮಕ್ಕೊಂದು, ಸ್ವಂತ ಹೆಸರಿಗೊಂದು ಅಂಕಣವಿದೆ. ಒಬ್ಬರು ಮನೆತನವನ್ನು ಕುಲನಾಮವೆಂದು ಬರೆಸಿರುತ್ತಾರೆ, ಅವರ ತಮ್ಮ ತನ್ನ ಸ್ವಂತ ಹೆಸರನ್ನೇ ಅಲ್ಲಿ ಬರೆಸಿರುತ್ತಾನೆ, ಮೂರನೆಯವರು ಆ ಅಂಕಣವನ್ನು ಖಾಲಿ ಬಿಟ್ಟಿರುತ್ತಾರೆ. ಮಗಳು ಮದುವೆಯಾಗಿ ಗಂಡನ ಒಕ್ಕ ಸೇರಿದೊಡನೆ ಅವಳ ಮನೆತನದ ಹೆಸರು ಬದಲಾಗುತ್ತದೆ. ಹೀಗೆ ಮಗಳು ಕಳಿಸಿದ ಆಹ್ವಾನ ಪತ್ರದಲ್ಲಿ ಒಂದು ಕುಲನಾಮ, ತಾಯಿಯ ಪಾಸ್‌ಪೋರ್ಟಿನಲ್ಲಿ ಇನ್ನೊಂದು, ತಂದೆಯದರಲ್ಲಿ ಮತ್ತೊಂದು. ಇವರು ಒಂದೇ ಕುಟುಂಬದವರೆಂದು ಗಣಕಯಂತ್ರಕ್ಕೆ ತಿಳಿಯುವುದಿಲ್ಲ. ಅರೆಭಾಷೆಯ ಗೌಡರಾದ ನಮ್ಮಲ್ಲಿಯೂ ಮನೆತನದ ಹೆಸರಿದೆ, ಹಾಗಾಗಿ ಇದು ನನಗೆ ಬಾಲ್ಯದಿಂದಲೇ ಗೊತ್ತಿದ್ದ ಸಂಗತಿ. ಗೊತ್ತಿಲ್ಲದವರಿಗಾಗಿ ಒಂದು ಪುಟದ ಮಾರ್ಗಸೂಚಿ ಬರೆದು ವಿಭಾಗದಲ್ಲಿ ಹಂಚಿದ್ದೆ.

ಮದುವೆಯ ಛಾಯಾಚಿತ್ರಗಳೂ ಪ್ರಶ್ನೆ ಎಬ್ಬಿಸುತ್ತಿದ್ದವು. ಸಂಗಾತಿಯ ವೀಸಾ ಕೇಳುವವರು ಮದುವೆ ನಿಜವೆಂದು ತೋರಿಸಬೇಕು. ಹಿಂದೂ ಮದುವೆಯೆಂದರೆ ಪುರೋಹಿತರು, ಹೋಮದ ಬೆಂಕಿ, ಸಪ್ತಪದಿ ಎಂದು ಓದಿ ಬಂದ ಅಧಿಕಾರಿಗೆ ಕೊಡವ ಮದುವೆಯ ಚಿತ್ರಗಳಲ್ಲಿ ಇವು ಯಾವುವೂ ಸಿಗುವುದಿಲ್ಲ. ಬಿಳಿ ಕುಪ್ಯ ತೊಟ್ಟ ವರ, ಹಿಂದಕ್ಕೆ ನೆರಿಗೆ ಬರುವಂತೆ ಸೀರೆ ಉಟ್ಟ ವಧು, ಅಕ್ಕಿ ಹಾಕಿ ಹರಸುವ ಹಿರಿಯರು, ಒಕ್ಕದ ಪರವಾಗಿ ಮಾತಾಡುವ ಅರುವ, ಕತ್ತಿಯಿಂದ ಬಾಳೆಯ ದಿಂಡು ಕಡಿಯುತ್ತಿರುವ ನೆಂಟರು. ಇದು ವೇಷಭೂಷಣದ ಕಾರ್ಯಕ್ರಮವೇ ಎಂದು ಒಬ್ಬ ಯುವ ಅಧಿಕಾರಿ ನಿಜವಾದ ಕುತೂಹಲದಿಂದ ಕೇಳಿದ್ದರು. ಅವರಿಗೆ ಅರ್ಧ ಗಂಟೆ ವಿವರಿಸಿದೆ. ಆಮೇಲೆ ಅವರೇ ಉಳಿದವರಿಗೆ ವಿವರಿಸುತ್ತಿದ್ದರು.

2018ರ ಆಗಸ್ಟಿನ ನಂತರದ ಕಡತಗಳನ್ನು ಓದುವಾಗ ಕೈ ತಡೆಯುತ್ತಿತ್ತು. ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ, ಮದೆನಾಡು, ಈ ಊರುಗಳ ಗುಡ್ಡಗಳು ಕುಸಿದು ಮನೆಗಳೇ ಹೋದ ಮೇಲೆ ಕಾಗದಗಳು ಎಲ್ಲಿ ಉಳಿದಾವು? ಆ ಕಡೆಯ ಹುಡುಗಿಯೊಬ್ಬಳು ವಿದ್ಯಾರ್ಥಿ ವೀಸಾಕ್ಕೆ ಅರ್ಜಿ ಹಾಕಿದ್ದಳು. ಅವಳ ಅಂಕಪಟ್ಟಿ, ಜನನ ಪ್ರಮಾಣಪತ್ರ, ತಂದೆಯ ಜಮೀನಿನ ನಕಲು, ಎಲ್ಲವೂ ಎರಡನೆಯ ಪ್ರತಿಗಳು, ಎಲ್ಲವೂ ಕೆಲವೇ ತಿಂಗಳ ಅಂತರದಲ್ಲಿ ಪಡೆದವು. ಖೋಟಾ ಕಡತವನ್ನು ಗುರುತಿಸಲು ನಮಗೆ ಕಲಿಸಿದ್ದ ಲಕ್ಷಣಗಳಲ್ಲಿ ಇದು ಮುಖ್ಯವಾದದ್ದು: ಬೇರೆ ಬೇರೆ ಕಾಲದ ದಾಖಲೆಗಳೆಲ್ಲ ಒಂದೇ ಕಾಲದಲ್ಲಿ ಹುಟ್ಟಿದಂತಿರುವುದು. ನಾನು ಆ ಗ್ರಾಮದ ಹೆಸರು, ಭೂಕುಸಿತದ ದಿನಗಳು, ಸರ್ಕಾರದ ಪರಿಹಾರ ಪಟ್ಟಿಯಲ್ಲಿ ಕುಟುಂಬದ ಹೆಸರಿರುವುದು, ಇವನ್ನೆಲ್ಲ ಟಿಪ್ಪಣಿಯಲ್ಲಿ ಸೇರಿಸಿ, ಅವಳು ಓದಿದ ಕಾಲೇಜಿಗೂ ವಿಶ್ವವಿದ್ಯಾಲಯಕ್ಕೂ ಬರೆದು ಅಂಕಗಳನ್ನು ದೃಢಪಡಿಸಿಕೊಂಡೆ. ಅವಳು ಸಂದರ್ಶನದಲ್ಲಿ ಮನೆ ಹೋದ ವಿಚಾರ ತಾನಾಗಿ ಹೇಳಲೇ ಇಲ್ಲ. ಕೇಳಿದ್ದಕ್ಕೆ, "ಅದನ್ನು ಹೇಳಿ ಕರುಣೆ ಕೇಳಿದ ಹಾಗಾಗುತ್ತದೆ ಅಂತ ಸುಮ್ಮನಿದ್ದೆ ಮೇಡಂ" ಎಂದಳು. ಮಾನಧನರಾದ ಜನ ತಮ್ಮ ಕಡತಕ್ಕೆ ತಾವೇ ಹಾನಿ ಮಾಡಿಕೊಳ್ಳುವುದನ್ನು ನಾನು ಕೊಡಗಿನವರಲ್ಲಿ ಹೆಚ್ಚಾಗಿ ಕಂಡೆ.

ಕುಶಾಲನಗರದಿಂದ ಕಾವೇರಿ ದಾಟಿದರೆ ಬೈಲುಕುಪ್ಪೆ. ಜಿಲ್ಲೆ ಮೈಸೂರಾದರೂ ಅಲ್ಲಿನ ಟಿಬೆಟನ್ನರ ಸಂತೆ, ಆಸ್ಪತ್ರೆ, ಬಸ್ಸು ಎಲ್ಲ ಕುಶಾಲನಗರದೊಂದಿಗೆ ಬೆಸೆದಿದೆ. 1960ರ ದಶಕದ ಆರಂಭದಲ್ಲಿ ನೆಲೆಸಿದವರ ಮೊಮ್ಮಕ್ಕಳು ನನ್ನೊಡನೆ ಸೊಗಸಾದ ಕನ್ನಡದಲ್ಲಿ ಮಾತಾಡುತ್ತಿದ್ದರು. ಅವರ ಕೈಯಲ್ಲಿದ್ದದ್ದು ಬಹುಪಾಲು ಭಾರತದ ಪಾಸ್‌ಪೋರ್ಟ್ ಅಲ್ಲ, ಭಾರತ ಸರ್ಕಾರ ಕೊಡುವ ಹಳದಿ ಹೊದಿಕೆಯ ಗುರುತಿನ ಪ್ರಮಾಣಪತ್ರ. ಎಲ್ಲ ದೇಶಗಳೂ ಅದನ್ನು ಒಂದೇ ರೀತಿ ಒಪ್ಪುವುದಿಲ್ಲ. ಅದರಲ್ಲಿ ಭಾರತಕ್ಕೆ ಮರಳಲು ಆಕ್ಷೇಪವಿಲ್ಲ ಎಂಬ ಮುದ್ರೆ ಇದೆಯೇ ಎಂದು ನೋಡಬೇಕು. ಒಬ್ಬ ಯುವ ಭಿಕ್ಷುವಿನ ಅರ್ಜಿಯಲ್ಲಿ ರಾಷ್ಟ್ರೀಯತೆಯ ಅಂಕಣದ ಬಗ್ಗೆ ಮಾತು ಬಂದಾಗ, ತಾನು ಹುಟ್ಟಿದ್ದು ಇಲ್ಲಿಯೇ, ಆದರೆ ಆ ಜಾಗದಲ್ಲಿ ಏನು ಬರೆಯಬೇಕೆಂದು ಪ್ರತಿ ಸಲವೂ ಯಾರನ್ನಾದರೂ ಕೇಳಬೇಕಾಗುತ್ತದೆ ಎಂದರು. ಕನ್ನಡದಲ್ಲಿಯೇ ಹೇಳಿದರು. ಕನ್ನಡದ ಅಧಿಕಾರಿ ಎಂದರೆ ಕನ್ನಡಿಗರಿಗೆ ಮಾತ್ರ ಎಂದುಕೊಂಡಿದ್ದ ಸಹೋದ್ಯೋಗಿಗಳಿಗೆ ಆ ದಿನ ಒಂದಿಷ್ಟು ಆಶ್ಚರ್ಯವಾಯಿತು.

ಸಂದರ್ಶನದ ಭಾಷೆಯ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯವಿದೆ. ಊರಿನ ಹುಡುಗರಿಗೆ ಇಂಗ್ಲಿಷಿನಲ್ಲಿಯೇ ಉತ್ತರಿಸಬೇಕು, ಇಲ್ಲದಿದ್ದರೆ ತಿರಸ್ಕಾರವಾಗುತ್ತದೆ ಎಂದು ಹೆದರಿಸುವವರು ಹಣ ಪಡೆದು ಅರ್ಜಿ ತುಂಬಿಸುವ ದಲ್ಲಾಳಿಗಳು. ಅವರು ಬಾಯಿಪಾಠ ಮಾಡಿಸಿದ ಉತ್ತರಗಳನ್ನು ನಾವು ಪಲ್ಲವಿಯಂತೆ ಕೇಳುತ್ತಿದ್ದೆವು. ಒಂದೇ ತಿಂಗಳಲ್ಲಿ ಒಂದೇ ಊರಿನ ಹಲವರು ಅದೇ ವಾಕ್ಯ, ಅದೇ ವಿರಾಮದೊಂದಿಗೆ ಹೇಳುತ್ತಿದ್ದರು. ಹೋಟೆಲ್ ತರಬೇತಿಗೆ ಹೊರಟಿದ್ದ ವಿರಾಜಪೇಟೆಯ ಹುಡುಗನೊಬ್ಬ ಮೂರು ಪ್ರಶ್ನೆಗಳಿಗೆ ಹೀಗೆ ಉತ್ತರಿಸಿ ನಾಲ್ಕನೆಯದಕ್ಕೆ ತಡವರಿಸಿದಾಗ, "ಕನ್ನಡದಲ್ಲಿ ಹೇಳಪ್ಪ, ನನಗೆ ಅರ್ಥವಾಗುತ್ತದೆ" ಎಂದೆ. ಅವನ ಹೆಗಲು ಇಳಿಯಿತು. ಅಡುಗೆಮನೆಯ ಕೆಲಸದ ಬಗ್ಗೆ, ತಾನು ಕಲಿತದ್ದು ಕಲಿಯಬೇಕಾದದ್ದರ ಬಗ್ಗೆ ಅವನು ಹೇಳಿದ್ದು ಎಷ್ಟು ಸ್ಪಷ್ಟವಾಗಿತ್ತೆಂದರೆ, ಅವನ ಉದ್ದೇಶದ ಬಗ್ಗೆ ಮುಂದೆ ಯಾವ ಪ್ರಶ್ನೆಯೂ ಬೇಕಾಗಲಿಲ್ಲ.

ತಾಯ್ನುಡಿಯಲ್ಲಿ ಕೇಳುವುದು ರಿಯಾಯಿತಿ ಎಂದು ಇದರಿಂದ ಯಾರೂ ಭಾವಿಸಬಾರದು. ಸುಳ್ಳು ಕೂಡ ಅಲ್ಲಿ ಬೇಗ ಬಯಲಾಗುತ್ತದೆ. ತಾನು ಪೂರ್ತಿ ರೋಬಸ್ಟಾ ತೋಟವೊಂದರ ವ್ಯವಸ್ಥಾಪಕ ಎಂದು ಪತ್ರ ತಂದಿದ್ದ ವ್ಯಕ್ತಿಗೆ ಬಿಳಿ ಕಾಂಡಕೊರಕದ ಗಿಡಗಳನ್ನು ಯಾವ ತಿಂಗಳಲ್ಲಿ ಗುರುತಿಸಿ ತೆಗೆಸುತ್ತೀರಿ ಎಂದು ಕೇಳಿದೆ. ಪ್ರತಿ ವರ್ಷ ತಪ್ಪದೆ ತೆಗೆಸುತ್ತೇನೆ ಎಂದು ವಿವರವಾಗಿ ಹೇಳಿದರು. ಕಾಂಡಕೊರಕ ಅರೇಬಿಕಾದ ಪಿಡುಗು. ರೋಬಸ್ಟಾ ತೋಟದವರು ಅದಕ್ಕಾಗಿ ಹಾಗೆ ಆಳು ಹಚ್ಚುವುದಿಲ್ಲ. ಆ ವರ್ಷದ ಹೂಮಳೆ ಯಾವಾಗ ಬಂತೆಂದೂ ಅವರಿಗೆ ತಿಳಿದಿರಲಿಲ್ಲ, ತೋಟದಲ್ಲಿ ಒಂದು ವರ್ಷ ಕಳೆದವರು ಮರೆಯಲಾಗದ ವಿಷಯವದು. ಆ ಟಿಪ್ಪಣಿಯನ್ನೂ ನಾನೇ ಬರೆದೆ, ನೋಯುತ್ತಲೇ ಆದರೂ ಹಿಂಜರಿಯದೆ ಬರೆದೆ.

ಆದರೆ ಕೊಡಗಿಗೆ ಎರಡು ಭಾಷೆ ಸಾಲುವುದಿಲ್ಲ. ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಬ್ಯಾರಿ, ಎರವರ ಮಾತು, ಕುರುಬರ ಮಾತು, ಇಷ್ಟೆಲ್ಲ ಇರುವ ಪುಟ್ಟ ಜಿಲ್ಲೆಯಲ್ಲಿ ಕನ್ನಡವೂ ಹಲವರಿಗೆ ಶಾಲೆಯಲ್ಲಿ ಕಲಿತ ನುಡಿ. ವಯಸ್ಸಾದ ಕೊಡವ ಅಜ್ಜಿಯೊಬ್ಬರು ಫೋನಿನಲ್ಲಿ ನನ್ನ ಕನ್ನಡಕ್ಕೆ ಗೌರವದಿಂದ ಚಿಕ್ಕ ಚಿಕ್ಕ ಉತ್ತರ ಕೊಡುತ್ತಿದ್ದವರು, ಮೊಮ್ಮಗನ ವಿಷಯ ಬಂದೊಡನೆ ಕೊಡವ ತಕ್ಕಿಗೆ ಹೊರಳಿ ಮಾತಿನ ಹೊಳೆ ಹರಿಸಿದರು. ನನಗೆ ಕೇಳಿ ತಿಳಿಯುವಷ್ಟು ಬರುತ್ತದೆ, ಪ್ರಮಾಣೀಕರಿಸುವಷ್ಟು ಬರುವುದಿಲ್ಲ. ಟಿಪ್ಪಣಿಯಲ್ಲಿ ಸಂದರ್ಶನದ ಇಂತಿಷ್ಟು ಭಾಗ ಈ ಭಾಷೆಯಲ್ಲಿತ್ತು, ಅದರಲ್ಲಿ ನನಗೆ ಖಚಿತವಾಗಿ ತಿಳಿದದ್ದು ಇಷ್ಟು ಎಂದು ಪ್ರತ್ಯೇಕವಾಗಿ ಬರೆದೆ. ಭಾಷೆ ಬಲ್ಲೆ ಎನ್ನುವವರು ಎಲ್ಲಿಯವರೆಗೆ ಬಲ್ಲೆವು ಎಂಬುದನ್ನೂ ದಾಖಲಿಸದಿದ್ದರೆ ಆ ಹುದ್ದೆ ಅಪಾಯಕಾರಿ.

ಜಿಲ್ಲೆ ಚಿಕ್ಕದಾದುದರಿಂದ ಬರುವ ಇನ್ನೊಂದು ಕಷ್ಟ ನೆಂಟಸ್ತಿಕೆ. ಪರಿಚಿತ ಮನೆತನದ ಹೆಸರು ಕಂಡೊಡನೆ ಕಡತವನ್ನು ಲಿಖಿತವಾಗಿ ಬೇರೆಯವರಿಗೆ ವರ್ಗಾಯಿಸುವುದು ನಮ್ಮ ನಿಯಮವಾಗಿತ್ತು. ಮದುವೆಮನೆಯಲ್ಲಿ, ಹುತ್ತರಿಗೆ ಊರಿಗೆ ಬಂದಾಗ, "ಅಕ್ಕಾ, ನಮ್ಮದೊಂದು ಅರ್ಜಿ ಉಂಟು, ಸ್ವಲ್ಪ ನೋಡಿ" ಎನ್ನುವವರಿಗೆ ಇಲ್ಲವೆನ್ನುವುದು ಸುಲಭವಿರಲಿಲ್ಲ. ಸಿಟ್ಟು ಮಾಡಿಕೊಂಡು ಮಾತು ಬಿಟ್ಟವರಿದ್ದಾರೆ. ಅವರ ಅರ್ಜಿ ನನ್ನ ಕೈಗೆ ಬರುವುದೇ ಇಲ್ಲವೆಂದು ಅವರು ನಂಬಲಿಲ್ಲ.

ಆ ದಿನಗಳಲ್ಲಿ ನನಗೆ ಬಲ ಕೊಟ್ಟವರು ವಿರಾಜಪೇಟೆಯಲ್ಲಿ ಹುಟ್ಟಿದ ಸಿ.ಬಿ. ಮುತ್ತಮ್ಮನವರು. 1949ರಲ್ಲಿ ಭಾರತೀಯ ವಿದೇಶಾಂಗ ಸೇವೆ ಸೇರಿದ ಮೊದಲ ಮಹಿಳೆ, ಮುಂದೆ ಹಂಗೇರಿಗೆ ರಾಯಭಾರಿಯಾದವರು. ವಿವಾಹಿತ ಸ್ತ್ರೀಗೆ ಸೇವೆಗೆ ನೇಮಕದ ಹಕ್ಕಿಲ್ಲ, ಸೇವೆಯಲ್ಲಿರುವ ಸ್ತ್ರೀ ಮದುವೆಯಾಗಲು ಸರ್ಕಾರದ ಅನುಮತಿ ಬೇಕು ಎಂಬಂಥ ನಿಯಮಗಳ ವಿರುದ್ಧ ಅವರು ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ತೀರ್ಪು ಆ ತಾರತಮ್ಯವನ್ನು ಕಟುವಾಗಿ ಟೀಕಿಸಿತು. ನನ್ನ ಕುರ್ಚಿ ಅವರ ಕುರ್ಚಿಯ ಹತ್ತಿರಕ್ಕೂ ಬರುವಂಥದ್ದಲ್ಲ, ನಾನು ಪರದೇಶದ ಸೇವೆಯಲ್ಲಿದ್ದವಳು. ಆದರೂ ಬರೆದಿಟ್ಟ ನಿಯಮವೊಂದನ್ನು ಅದರ ಒಳಗಿದ್ದುಕೊಂಡೇ, ದಾಖಲೆಯ ಬಲದಿಂದ, ಕೂಗಾಡದೆ ಪ್ರಶ್ನಿಸಬಹುದು ಎಂಬುದನ್ನು ನಮ್ಮ ಜಿಲ್ಲೆಯ ಹೆಣ್ಣುಮಗಳೊಬ್ಬರು ಮಾಡಿ ತೋರಿಸಿದ್ದರು.

ಈಗ ಊರಿನಲ್ಲಿರುವ ನನ್ನ ಬಳಿಗೆ ನಿರಾಕರಣೆಯ ಪತ್ರ ಹಿಡಿದು ಬರುವವರಿದ್ದಾರೆ. ಷೆಂಗೆನ್ ದೇಶಗಳ ಆ ಪತ್ರ ಒಂದು ಮಾದರಿ ನಮೂನೆ; ಪ್ರವಾಸದ ಉದ್ದೇಶಕ್ಕೆ ತಕ್ಕ ಸಮರ್ಥನೆ ಇಲ್ಲ, ಅವಧಿ ಮುಗಿಯುವ ಮೊದಲು ಹಿಂದಿರುಗುವ ಬಗ್ಗೆ ಸಂದೇಹವಿದೆ, ಇಂಥ ಸಿದ್ಧ ಕಾರಣಗಳ ಮುಂದೆ ಒಂದು ಗುರುತು ಹಾಕಿರುತ್ತಾರೆ. ಅದನ್ನು ಜನ ತಮ್ಮ ಚಾರಿತ್ರ್ಯದ ಮೇಲಿನ ಆರೋಪವೆಂದು ಓದಿ ನಲುಗುತ್ತಾರೆ. ಮೇಲ್ಮನವಿಯ ಹಕ್ಕಿದೆ, ಅದರ ವಿಧಾನವನ್ನೂ ಗಡುವನ್ನೂ ಪತ್ರದಲ್ಲಿಯೇ ಬರೆದಿರಬೇಕು. ಹೊಸ ಅರ್ಜಿಯನ್ನು ಯಾವಾಗ ಬೇಕಾದರೂ ಹಾಕಬಹುದು, ಆದರೆ 2024ರ ಜೂನಿನಿಂದ 90 ಯೂರೋ ಆಗಿರುವ ಶುಲ್ಕವನ್ನು ಮತ್ತೆ ಕಟ್ಟಬೇಕು. ನಾನು ಯಾರಿಗೂ ಅರ್ಜಿ ತುಂಬಿಕೊಡುವುದಿಲ್ಲ, ಶುಲ್ಕ ಪಡೆಯುವುದಿಲ್ಲ. ನಿಮ್ಮ ಮನೆಯ ಕಥೆ ಗೊತ್ತಿಲ್ಲದ ಒಬ್ಬರು ಈ ಕಡತ ಓದುತ್ತಾರೆ, ಅವರ ಪಕ್ಕದಲ್ಲಿ ಕನ್ನಡ ಬಲ್ಲವರು ಇಲ್ಲದೆಯೂ ಇರಬಹುದು, ಹಾಗಾಗಿ ಒಂದು ಪುಟದ ವಿವರಣೆಯನ್ನು ನೀವೇ ಬರೆಯಿರಿ ಎನ್ನುತ್ತೇನೆ. ಮೊದಲು ಕನ್ನಡದಲ್ಲಿ ಬರೆಸುತ್ತೇನೆ. ಅನುವಾದ ಆಮೇಲೆ.

ಇತ್ತೀಚೆಗೆ ನಾಪೋಕ್ಲು ಬಳಿಯ ತಾಯಿಯೊಬ್ಬರು ಬಂದಿದ್ದರು. ಮಗಳ ಬಾಣಂತನಕ್ಕೆ ಹೋಗಬೇಕು. ಸುಮಾರು ಮೂರು ತಿಂಗಳು ಕೇಳಿದ್ದಕ್ಕೆ ಉದ್ದೇಶ ಸ್ಪಷ್ಟವಿಲ್ಲವೆಂದು ನಿರಾಕರಣೆ ಬಂದಿತ್ತು. ಮೊದಲ ಅರ್ಜಿಯಲ್ಲಿ ದಲ್ಲಾಳಿ ಪ್ರವಾಸ ಎಂದು ಬರೆಸಿ, ಮೂರು ತಿಂಗಳಿಗೆ ಹೋಟೆಲುಗಳ ಪಟ್ಟಿ ಜೋಡಿಸಿದ್ದನಂತೆ. "ಮಗಳ ಮನೆ ಇರುವಾಗ ನಾನು ಹೋಟೆಲಿನಲ್ಲಿ ಯಾಕೆ ಇರಲಿ ಅಕ್ಕಾ" ಎಂದು ಅವರು ನನ್ನನ್ನೇ ಕೇಳಿದರು. ಅದನ್ನೇ ಬರೆಯಿರಿ ಎಂದೆ. ಹೆರಿಗೆಯ ಮೊದಲು ಮತ್ತು ನಂತರ ತಾಯಿ ಮಗಳೊಡನೆ ಇರುವುದು ನಮ್ಮಲ್ಲಿ ಪದ್ಧತಿ, ಅಳಿಯನಿಗೆ ಸಿಗುವ ರಜೆ ಇಷ್ಟು, ತನ್ನ ಗಂಡ ಊರಿನಲ್ಲಿಯೇ ಇರುತ್ತಾರೆ, ಕೊಯ್ಲು ಶುರುವಾಗುವ ಮೊದಲು ತಾನು ಮನೆಯಲ್ಲಿರಬೇಕು ಎಂದು ಅವರು ತಮ್ಮ ಅಕ್ಷರದಲ್ಲಿಯೇ ಒಂದೂವರೆ ಪುಟ ಬರೆದರು. ಅದಕ್ಕೆ ವೈದ್ಯರು ಕೊಟ್ಟ ಹೆರಿಗೆ ದಿನಾಂಕದ ಪತ್ರ, ಮಗಳ ವಾಸದ ಪರವಾನಗಿ, ಆಹ್ವಾನ, 30,000 ಯೂರೋಗೆ ಕಡಿಮೆಯಿಲ್ಲದ ವೈದ್ಯಕೀಯ ವಿಮೆ, ಹಿಂದಿನ ನಿರಾಕರಣೆಯ ಪ್ರತಿ ಮತ್ತು ಆ ಅರ್ಜಿಯಲ್ಲಿ ಉದ್ದೇಶ ತಪ್ಪಾಗಿ ನಮೂದಾಗಿತ್ತೆಂಬ ಹೇಳಿಕೆ ಸೇರಿದವು. ಹೊಸ ಅರ್ಜಿ ಸಲ್ಲಿಕೆಯಾಗಿದೆ. ನಿರ್ಧಾರಕ್ಕೆ ನಿಯಮದಲ್ಲಿರುವ ಅವಧಿ 15 ದಿನ, ಹೆಚ್ಚಿನ ಪರಿಶೀಲನೆ ಬೇಕೆನಿಸಿದರೆ ಅದು 45 ದಿನಗಳವರೆಗೆ ಹೋಗಬಹುದು. ಹೆರಿಗೆಗೆ ಇನ್ನೂ ಎರಡೂವರೆ ತಿಂಗಳಿದೆ.